ನೋಡೋದು ಯಾವತ್ತು?

ಪುರಸಭೆಯ ಎಂಜಿನಿಯರಮ್ಮನಿಗೆ ರಸ್ತೆ ಹಾಕಿಸುವುದು ಗೊತ್ತು, ಕಂಟ್ರಾಕ್ಟರುಗಳ ಕಿವಿ ಹಿಂಡುವುದೂ ಗೊತ್ತು. ದೊಡ್ಡ ಮನುಷ್ಯರ ಮುಂದೆ ನಿಂತರೆ ಮಾತ್ರ ಪೀಠಿಕೆಯೇ ಮುಗಿಯದು. 'ಮಾನ್ಯರೇ, ತಮ್ಮ ಅಮೂಲ್ಯ ಸಮಯ...' ಎಂದು ಇವಳು ಎಳೆಯುವಷ್ಟರಲ್ಲಿ ಮಾನ್ಯರು ಕಾರು ಹತ್ತಿಬಿಟ್ಟಿರುತ್ತಿದ್ದರು.

ಊರಿನ ರೈಲ್ವೆ ಗೇಟಿನ ಹತ್ತಿರ ಕೆಳಸೇತುವೆ ಬೇಕಿತ್ತು. ರೈಲು ಕೇಂದ್ರ ಸರ್ಕಾರದ್ದು; ಸಂಸದರು ಮನಸ್ಸು ಮಾಡದೆ ಒಂದು ಕಲ್ಲೂ ಅಲ್ಲಾಡದು. ಅವಳ ತಂಗಿಗೆ ಹೆರಿಗೆಯಾದದ್ದು ಮುಚ್ಚಿದ ಆ ಗೇಟಿನ ಎದುರು, ಆಂಬುಲೆನ್ಸಿನಲ್ಲೇ. ಮಗುವನ್ನು ಮನೆಯವರೆಲ್ಲ ಗೇಟಪ್ಪ ಎಂದೇ ಕರೆದು ನಗುತ್ತಾರೆ. ಅವಳು ಮಾತ್ರ ನಗುವುದಿಲ್ಲ. ಗೇಟಪ್ಪನ ಅದೃಷ್ಟ ಎಲ್ಲರಿಗೂ ಇರುತ್ತದೆಯೇ?

ಅದಕ್ಕೇ ಸಂಸದರೊಡನೆ ಮಾತಾಡುವುದನ್ನು ಕಲಿಸುವ ತರಬೇತಿಗೆ ಬಂದಿದ್ದಳು. ಕೋಣೆಯ ಮುಂದೆ ಒಂದು ಕುರ್ಚಿ. ದಿನಕ್ಕೊಬ್ಬ ನಾಟಕದವನು ಅದರಲ್ಲಿ ಕೂತು ಸಂಸದನಾಗುತ್ತಿದ್ದ. ಅಧಿಕಾರಿಗಳು ಒಬ್ಬೊಬ್ಬರಾಗಿ ಹೋಗಿ ತಮ್ಮೂರಿಗೆ ಬೇಕಾದ್ದನ್ನು ಕೇಳಬೇಕು. ಮೊದಲ ಎರಡು ದಿನವೂ ಅವಳ ಗಾಡಿ ಪೀಠಿಕೆಯಲ್ಲೇ ಹೂತುಹೋಯಿತು.

"ಬೇಕಾದ್ದನ್ನ ಮೊದಲ ಮಾತಲ್ಲೇ ಕೇಳಮ್ಮ," ಎಂದರು ತರಬೇತಿ ಮೇಷ್ಟ್ರು. "'ನೋಡೋಣ' ಅಂದ್ರೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಬಿಡಬೇಡ. ಯಾವತ್ತು ಅಂತ ಕೇಳು."

ಕೊನೆಯ ದಿನ ಊಟ ಬೇಗ ಮುಗಿಸಿ ಬಂದರೆ, ಕುರ್ಚಿಯಲ್ಲಿ ಬೋಳುತಲೆಯ ಹೊಸಬರೊಬ್ಬರು ಬೆವರು ಒರೆಸಿಕೊಳ್ಳುತ್ತಿದ್ದರು. ಇವತ್ತಿನ ನಾಟಕದವರು ಇವರೇ ಇರಬೇಕು ಎಂದುಕೊಂಡು ನೇರ ಹೋಗಿ ನಿಂತಳು.

"ಸಾರ್, ನಮ್ಮೂರ ರೈಲ್ವೆ ಗೇಟಿಗೆ ಕೆಳಸೇತುವೆ ಬೇಕು."

"ನೋಡೋಣಮ್ಮ."

"ಎಲ್ರೂ ಅದನ್ನೇ ಅಂತೀರಿ. ನೋಡೋದು ಯಾವತ್ತು?"

ಅವರು ಒರೆಸಿಕೊಳ್ಳುವುದನ್ನು ನಿಲ್ಲಿಸಿದರು. ಗೇಟಪ್ಪ ಹುಟ್ಟಿದ ಕಥೆಯನ್ನು ಪೂರ್ತಿ ಕೇಳಿದರು. ಆಮೇಲೆ ಫೋನ್ ತೆಗೆದು ಯಾರೋ ರೈಲ್ವೆ ಅಧಿಕಾರಿಯನ್ನು ತರಾಟೆಗೆ ತೆಗೆದುಕೊಂಡರು.

"ಸೋಮವಾರ ಸರ್ವೆಗೆ ಬರ್ತಾರೆ."

"ಪಾತ್ರ ಅಂದ್ರೆ ಹೀಗಿರಬೇಕು ಸಾರ್," ಎಂದು ಅವಳು ಮೆಚ್ಚಿಕೊಂಡಳು. "ನಿನ್ನೆ ಬಂದಿದ್ದವನಿಗೆ ಫೋನ್ ಮಾಡೋದೇ ಹೊಳೀಲಿಲ್ಲ ನೋಡಿ."

ಅಷ್ಟರಲ್ಲಿ ಮೇಷ್ಟ್ರು ಏದುಸಿರು ಬಿಡುತ್ತ ಓಡಿಬಂದರು. "ಸಾರ್, ಸಮಾರೋಪಕ್ಕೆ ತಾವು ಬರ್ತೀರಂತ ಮುಂದಿನ ಬಾಗಿಲಲ್ಲಿ ಕಾಯ್ತಿದ್ವಿ. ಹಿಂದಿನಿಂದ ಬಂದುಬಿಟ್ರಾ?"

ಇವರು ನಿಜವಾದ ಸಂಸದರು! ಊರಿನ ಪೋಸ್ಟರುಗಳಲ್ಲಿ ಅವಳು ನೋಡಿದ್ದ ಸಂಸದರಿಗೆ ತಲೆ ತುಂಬ ಕೂದಲು. ಪಾಪ, ಅವಳದೇನು ತಪ್ಪು? ತಟ್ಟನೆ ಕೈ ಜೋಡಿಸಿದಳು. ಕ್ಷಮೆ ಕೇಳಲು ಬಾಯಿ ತೆರೆದಳು. ಕ್ಷಮೆ ಕೇಳಿದರೆ ಇಲ್ಲಿಯವರೆಗೆ ಆಡಿದ್ದೆಲ್ಲ ತಮಾಷೆಯಾಗಿ ಹೋಗುತ್ತದೆ ಎಂದು ಆ ಗಳಿಗೆಯಲ್ಲಿ ಅವಳಿಗೆ ಹೊಳೆಯಿತು. ಜೋಡಿಸಿದ ಕೈಗಳನ್ನು ಕೆಳಗಿಳಿಸಿದಳು.

"ಸೋಮವಾರ ಎಷ್ಟು ಗಂಟೆಗೆ ಸಾರ್?"

ಸಂಸದರು ಮತ್ತೆ ಫೋನ್ ಕೈಗೆತ್ತಿಕೊಂಡರು.