ನಾಳೆ ಬಾ ಅಂದರೂ ಬಂದದ್ದು

ದೆವ್ವ ಒಳಗೆ ಬಾರದಿರಲಿ ಅಂತ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಾರಲ್ಲ, ಶಿವಲೀಲಾ ಎಂಟು ತಿಂಗಳು ಕಂಪ್ಯೂಟರಿಗೆ ಅದನ್ನೇ ಮಾಡಿದ್ದಳು. ರಾಯದುರ್ಗದ ಆ ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ದಿನಾ ಬೆಳಿಗ್ಗೆ ತೆರೆಯ ಮೇಲೆ 'ಹೊಸದು ಬಂದಿದೆ, ಹಾಕಿಕೊಳ್ಳಿ' ಎಂದು ಬರುತ್ತಿತ್ತು. ಇವಳು 'ಆಮೇಲೆ' ಎಂಬುದನ್ನು ಒತ್ತುತ್ತಿದ್ದಳು. ಸೋಮವಾರ ಪ್ರಿಂಟರ್ ರಿಪೇರಿಗೆ ಬಂದ ಈಶ್ವರ್, "ಪುಕ್ಕಟೆ ಕೊಟ್ರ ಬ್ಯಾಡ ಅಂತಾರೇನಕ್ಕ?" ಎಂದು 'ಹಾಕಿಕೊಳ್ಳಿ'ಯನ್ನೇ ಒತ್ತಿಬಿಟ್ಟ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವ ಪೈಕಿ ಅವನು.

ಹೊಸದು ಬಂದು ಕೂತಮೇಲೆ ಇದ್ದದ್ದು ಇದ್ದಲ್ಲಿ ಇರಲಿಲ್ಲ. ಕನ್ನಡ ಅಕ್ಷರದ ಹಳೇ ಪ್ರೋಗ್ರಾಂ ತೆರೆಯಲೇ ಇಲ್ಲ. ಬೇರೆ ಕಡೆ ತೆರೆದರೆ ಚೀಟಿಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರದ ಚೂರುಪಾರು.

ಬಟ್ಟೆಯ ಪ್ರತಿ ಕಟ್ಟಿಗೂ ಅವಳೊಂದು ಚೀಟಿ ಅಚ್ಚು ಹಾಕಬೇಕಿತ್ತು: ಯಾವ ಅಳತೆ, ಎಂಥ ಜಿಪ್ಪು, ಎಷ್ಟು ಜೇಬು. ಹೊಲಿಯುವವರು ಬೊಮ್ಮನಹಾಳ್ ಕಡೆಯ ಹೆಂಗಸರು. ತೆಲುಗೂ ಮಾತಾಡುತ್ತಾರೆ, ಆದರೆ ಕಲಿತದ್ದು ಗಡಿಯ ಕನ್ನಡ ಶಾಲೆಯಲ್ಲಿ, ಓದುವುದು ಕನ್ನಡ ಮಾತ್ರ. ಶಿವಲೀಲಾ ಆರು ವರ್ಷ ಅವರ ಪಕ್ಕದಲ್ಲೇ ಮೆಷಿನ್ ತುಳಿದು ಈ ಕುರ್ಚಿಗೆ ಬಂದವಳು.

"ಗುರುವಾರ ಮಧ್ಯಾಹ್ನದೊಳಗ ಚೀಟಿ ಬರಬೇಕು," ಎಂದ ಮಾಲೀಕ ಲಕ್ಷ್ಮೀನರಸಪ್ಪ. "ಇಲ್ಲಾಂದ್ರ ಇಂಗ್ಲಿಷ್ ಬಲ್ಲೋರನ್ನ ಕೂಡಿಸ್ತೀನಿ. ನೀ ಮೆಷಿನಿಗೆ ಹೋಗು."

"ಇಂಗ್ಲಿಷ್ ಚೀಟಿ ಕೊಟ್ರ ಹೊಲಿಯೋ ಬಸಲಿಂಗಮ್ಮ ಏನ್ ಓದ್ತಾಳ್ರಿ ಸಾವ್ಕಾರ್ರ?"

"ಓದೋರನ್ನೂ ತರ್ತೀನಿ."

ಶಿವಲೀಲಾ ಮೆಷಿನುಗಳ ಸಾಲಿನತ್ತ ತಿರುಗಿ ನೋಡಿದಳು. ಹೋಗುವುದು ತನ್ನ ಕುರ್ಚಿಯೊಂದೇ ಅಲ್ಲ, ಆ ಇಡೀ ಸಾಲು.

ಈಶ್ವರ್ ಕೈಚೆಲ್ಲಿದ. "ಮುಂದಕ್ಕ ಹೋದದ್ದು ಹಿಂದಕ್ಕ ಬರಂಗಿಲ್ಲಕ್ಕ. ಹೊಂದ್ಕೊಬೇಕು."

"ತಪ್ಪು ಹೊಲಿದ್ರ ಬಿಚ್ಚಂಗಿಲ್ಲೇನು?" ಎಂದಳು.

ಎರಡು ದಿನ ಊಟದ ಬಿಡುವಿನಲ್ಲೂ ಏಳಲಿಲ್ಲ. ಕಂಪ್ಯೂಟರಿನ ಸೆಟ್ಟಿಂಗಿನ ಒಂದೊಂದೇ ಪುಟ ತೆರೆದು, ಸಾಲುಗಳ ಕೆಳಗೆ ಬೆರಳಿಟ್ಟು ಓದಿದಳು. ಅವಳದು ಪ್ಯಾಂಟಿನ ಇಂಗ್ಲಿಷ್: ಸೈಜು, ಜಿಪ್, ಫ್ರಂಟ್, ಬ್ಯಾಕ್. ಗುರುವಾರ ಬೆಳಿಗ್ಗೆ ಎಲ್ಲೋ ಮೂಲೆಯಲ್ಲಿ ಪರಿಚಯದ ನಾಲ್ಕು ಇಂಗ್ಲಿಷ್ ಅಕ್ಷರ ಕಂಡವು. ಬ್ಯಾಕ್! ಹಿಂಭಾಗದ ತುಂಡುಗಳ ಮೇಲೆ ದಿನಕ್ಕೆ ನೂರು ಸಲ ಸೀಮೆಸುಣ್ಣದಲ್ಲಿ ಬರೆದ ಪದ. ಈಶ್ವರನನ್ನು ಕರೆಸಿ, "ಇದನ್ನ ಓದು," ಎಂದಳು.

ಓದುತ್ತ ಓದುತ್ತ ಅವನ ಮುಖ ಸಣ್ಣದಾಯಿತು. "ತಿಂಗಳೊಳಗಾದ್ರ ಹಳೇದಕ್ಕ ವಾಪಸ್ ಹೋಗಬಹುದಂತಕ್ಕ."

ಒತ್ತಿದಳು. ಒಂದು ಖಾಲಿ ಚೌಕ ಬಂತು. "ಯಾಕ ವಾಪಸ್ ಹೋಗ್ತೀರಿ, ಕಾರಣ ಬರೀರಿ ಅಂತ ಕೇಳಾಕತ್ತೈತಿ," ಎಂದ ಈಶ್ವರ್.

ಮೆಷಿನುಗಳು ನಿಂತವು. ಹೆಂಗಸರೆಲ್ಲ ಬಂದು ಕುರ್ಚಿಯ ಹಿಂದೆ ನೆರೆದರು. "ಬರೋ ಮುಂದ ಕಾರಣ ಹೇಳ್ಲಿಲ್ಲ, ಹೋಗೋ ಮುಂದ ಕಾರಣ ಕೇಳ್ತೈತೇನು?" ಎಂದಳು ನೇಮಕಲ್ಲಿನ ಬಸಲಿಂಗಮ್ಮ.

ಶಿವಲೀಲಾ ಅದನ್ನೇ ಬರೆಯತೊಡಗಿದಳು, ಹಳೇ ಪ್ರೋಗ್ರಾಮಿನ ಕನ್ನಡ ಕೀಲಿಗಳನ್ನೇ ಒತ್ತುತ್ತ, ರೂಢಿಯಂತೆ. ತೆರೆಯ ಮೇಲೆ ಬಂದದ್ದು ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರ.

ಈಶ್ವರ್ ನಕ್ಕ. "ಅಕ್ಕ, ಇದನ್ನ ಅವರ್ಯಾರೂ ಓದಾಕ ಆಗಂಗಿಲ್ಲ."

"ಗೊತ್ತೈತಿ. ಮೂರು ದಿನ ನಮ್ಮ ಚೀಟಿ ನಮಗ ಹಿಂಗ ಕಂಡಾವು. ಅವರೂ ಒಂದ್ಸಲ ನೋಡ್ಲಿ," ಎಂದು ಕಳಿಸಿದಳು.

ಊಟದ ಹೊತ್ತಿಗೆ ಹಳೇದು ವಾಪಸ್ ಬಂದು, ಪ್ರಿಂಟರಿನಿಂದ ಮೊದಲ ಕನ್ನಡ ಚೀಟಿ ಹೊರಬಂತು. ಬಸಲಿಂಗಮ್ಮ ಅದನ್ನು ಕಸಿದುಕೊಂಡು, ಲಕ್ಷ್ಮೀನರಸಪ್ಪನಿಗೆ ಕೇಳುವಷ್ಟು ಗಟ್ಟಿಯಾಗಿ ಓದಿದಳು: "ಅಳತೆ ಮೂವತ್ತೆರಡು. ಹಿಂದಿನ ಜೇಬು ಎರಡು."