ಸೆಶೆಲ್ಸ್ ನೋಟಿನ ಬೊಟ್ಟು

ಗೋಕಾಕದ ಗುರುಪಾದ ಐವತ್ತು ದಾಟಿದರೂ ಮದುವೆಯಾಗದೆ ಅಣ್ಣನ ಮನೆಯ ಮಹಡಿಯ ಕೋಣೆಯಲ್ಲಿದ್ದ. ಫಿಜಿ, ಟೊಂಗಾ, ಸೆಶೆಲ್ಸ್‌ನಂಥ ದ್ವೀಪದೇಶಗಳ ಹಳೇ ನೋಟು ಕೂಡಿಸುವುದು ಅವನ ಹುಚ್ಚು. ಒಂದೊಂದನ್ನೂ ಪ್ಲಾಸ್ಟಿಕ್ ಹಾಳೆಯೊಳಗಿಟ್ಟು, ಬೆರಳು ತಾಗದಂತೆ ಕಾಪಾಡಿದ್ದ. ಯಾವ ದೇಶದ್ದು ಎಂದು ಯಾರಾದರೂ ಕೇಳಿದರೆ ಹೇಳಲು ಎಷ್ಟೋ ಮಾತು ಕೂಡಿಟ್ಟಿದ್ದ. ಮನೆಯಲ್ಲಿ ಒಬ್ಬರೂ ಕೇಳಿರಲಿಲ್ಲ.

ದೀಪಾವಳಿ ಅಮಾವಾಸ್ಯೆಯ ಸಂಜೆ ಅವನು ಪೇಟೆಯಿಂದ ಬರುವಷ್ಟರಲ್ಲಿ ಲಕ್ಷ್ಮೀಪೂಜೆ ಮುಗಿದಿತ್ತು. ತಟ್ಟೆಯಲ್ಲಿ ಅಣ್ಣನ ಅಂಗಡಿಯ ರೊಕ್ಕದ ಪಕ್ಕ ಅವನ ಸೆಶೆಲ್ಸ್ ನೋಟು ಹಾಳೆಯಿಂದ ಹೊರಗೆ ಬಿದ್ದಿತ್ತು. ಅದರ ಮೇಲೊಂದು ಕುಂಕುಮದ ಹಸಿ ಬೊಟ್ಟು. ಕಲೆಯಾದ ನೋಟಿಗೆ ಸಂಗ್ರಾಹಕರಲ್ಲಿ ಇನ್ನು ಕವಡೆ ಕಿಮ್ಮತ್ತೂ ಇಲ್ಲ.

“ಎಲ್ಲಾರ ರೊಕ್ಕಾನೂ ಪೂಜಾಕ್ಕ ಇಟ್ಟೇವ್ರಿ. ನಿಮ್ದೊಂದ ಯಾಕ ಬಿಡೂದಂತ ನಾನ ಮ್ಯಾಲಿಂದ ತಂದೆ,” ಎಂದಳು ಅಣ್ಣನ ಹೆಂಡತಿ, ವೈನಿ ದಾಕ್ಷಾಯಿಣಿ.

ಗುರುಪಾದನಿಗೆ ಸಿಟ್ಟು ಬಂತು. ಆದರೂ, ಯಾವ ದೇಶದ್ದೆಂದು ಈಗಲಾದರೂ ಕೇಳಿಯಾಳು ಎಂದು ನಿಂತ. ಅವಳು ಹೋಳಿಗೆ ಬಡಿಸಲು ಒಳಗೆ ಹೋದಳು.

ಮರುದಿನ ಬೊಟ್ಟು ಒರೆಸಹೋದವನು ಕೈ ತಡೆದ. ಅದರಲ್ಲಿ ವೈನಿಯ ಬೆರಳಿನ ಗೆರೆಗಳು ಹಾಗೇ ಒಣಗಿದ್ದವು. ನೋಟನ್ನು ಹಾಳೆಗೆ ಸೇರಿಸಿ ಎಲ್ಲದರ ಮೇಲಿಟ್ಟ. ಅವನ ಅಷ್ಟೂ ನೋಟುಗಳಲ್ಲಿ ಈ ಮನೆಯವರೊಬ್ಬರು ಮುಟ್ಟಿದ್ದು ಅದೊಂದನ್ನೇ.