ತಮ್ಮ ಬರೆದ ವರದಿ

ಇಟ್ಟಿಗೆ ಭಟ್ಟಿಯಲ್ಲಿ ಹಸಿಮಣ್ಣು ತುಳಿಯುವ ಅಕ್ಕನಿಗೆ ಟಿಬಿ ಬಂದಾಗ ಅವಳು ಅಷ್ಟೇನೂ ಹೆದರಲಿಲ್ಲ. ತಾಯಿ ಸತ್ತ ಮೇಲೆ ತಾನೇ ಸಾಕಿ ಓದಿಸಿದ ತಮ್ಮ, ಅವಳು ಔಷಧಿಗೆ ಹೋಗುವ ಆಸ್ಪತ್ರೆಯ ಲ್ಯಾಬಿನಲ್ಲೇ ಕೆಲಸಕ್ಕಿದ್ದ. "ನನ್ನ ಹೊಟ್ಟೆಯೊಳಗಿನ ಗುಟ್ಟೂ ಅವನಿಗೆ ಗೊತ್ತಾಗುತ್ತೆ," ಎಂದು ಜೊತೆಯವರೊಡನೆ ನಗುತ್ತಿದ್ದಳು.

ಎರಡು ತಿಂಗಳು ಒಂದು ದಿನವೂ ತಪ್ಪದೆ ಮಾತ್ರೆ ನುಂಗಿದಳು. ಕೆಮ್ಮು ತಗ್ಗಿತು, ಮೈ ಮಾತ್ರ ಹಿಡಿಯಲಿಲ್ಲ. ಹೊಟ್ಟೆ ಹಿಂಡಿದಂತಾಗುತ್ತಿತ್ತು, ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಡಾಕ್ಟರಮ್ಮ ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ಕಡಿಮೆಯಿದೆ ಎಂದು ಮಲ ಪರೀಕ್ಷೆಗೆ ಬರೆದರು. ಡಬ್ಬಿಯನ್ನು ಕಾಗದದಲ್ಲಿ ಸುತ್ತಿ ತಂದು ತಮ್ಮನ ಕೈಗೇ ಕೊಟ್ಟಳು.

"ಎಲ್ಲರೆದುರು ತಮ್ಮ ಅಂತ ಕರೀಬೇಡ," ಎಂದ ಅವನು, ತಗ್ಗಿದ ದನಿಯಲ್ಲಿ.

ವರದಿಯಲ್ಲಿ ಹುಳುವೂ ಇರಲಿಲ್ಲ, ಮೊಟ್ಟೆಯೂ ಇರಲಿಲ್ಲ.

"ಮತ್ತೆ ಮೈಗೆ ಯಾಕೆ ಹತ್ತುತ್ತಿಲ್ಲ? ನಿಜ ಹೇಳಿ, ಮಾತ್ರೆ ಬಿಸಾಕ್ತಿದ್ದೀರಾ?" ಎಂದರು ಡಾಕ್ಟರಮ್ಮ.

ಅವಳು, ವರದಿಗಳನ್ನು ತಂದು ಬಾಗಿಲ ಬಳಿ ನಿಂತಿದ್ದ ತಮ್ಮನತ್ತ ನೋಡಿದಳು. ದಿನಾ ಬೆಳಿಗ್ಗೆ ಅವನೆದುರೇ ನುಂಗುತ್ತಿದ್ದಳು. ಅವನು ಕೈಯಲ್ಲಿದ್ದ ಕಾಗದ ಜೋಡಿಸಿಕೊಂಡು ಹೊರಟುಹೋದ.

ಮರು ತಿಂಗಳು ಅವನು ರಜೆಯಲ್ಲಿದ್ದಾಗ ಮತ್ತೆ ಪರೀಕ್ಷೆಯಾಯಿತು. ಲ್ಯಾಬಿನ ಹಿರಿಯರು ಅವಳನ್ನು ಒಳಗೆ ಕರೆದರು.

"ಕೊಕ್ಕೆಹುಳು, ತಾಯಿ. ಬರಿಗಾಲಲ್ಲಿ ಮಣ್ಣು ತುಳಿಯೋರಿಗೆ ಬರುತ್ತೆ. ಕರುಳಲ್ಲಿ ಕೂತು ರಕ್ತ ಹೀರುತ್ತೆ. ಇಷ್ಟೊಂದು ಮೊಟ್ಟೆ ಇವೆ. ಹೋದ ಸಲ ಇದನ್ನ ನೋಡಿದ್ದು ಯಾರು?"

ಅವಳು ವರದಿ ತೆಗೆದುಕೊಂಡು ಹೊರಟಳು. ಮನೆಗೆ ಬಂದು ತಮ್ಮನನ್ನೇ ಕೇಳಿದಳು.

"ಡಬ್ಬಿ ತೆಗೀಲೇ ಇಲ್ಲ ಅಕ್ಕ. ಪಕ್ಕದಲ್ಲಿ ಎಲ್ಲರೂ ಇದ್ರು. ನಾಚಿಕೆ ಆಯ್ತು. ಬಿಸಾಕಿ, ಏನೂ ಇಲ್ಲ ಅಂತ ಬರೆದುಬಿಟ್ಟೆ." ಅವನೇ ಮುಂದುವರಿಸಿದ: "ನಾಳೆ ಕೇಳಿದ್ರೆ, ಬೇರೆ ಯಾರದ್ದೋ ಡಬ್ಬಿ ಕೊಟ್ಟಿದ್ದೆ ಅಂದುಬಿಡು. ನನ್ನ ಕೆಲಸ ಉಳಿಯುತ್ತೆ."

ಅವಳು ಅವನೆದುರು ಬಂದು ನಿಂತಳು.

"ಡಾಕ್ಟರಮ್ಮ ನನ್ನ ಕಳ್ಳಿ ಥರ ಕೇಳ್ದಾಗ ಅಲ್ಲೇ ನಿಂತಿದ್ದೆಯಲ್ಲೋ. ಒಂದು ಮಾತು ಬರಲಿಲ್ವಾ ಬಾಯಿಗೆ?"

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

ಮರುದಿನ ಡಾಕ್ಟರಮ್ಮನ ಮುಂದೆ ಕುಳಿತು, ನಡೆದದ್ದನ್ನು ನಡೆದಂತೆಯೇ ಹೇಳಿದಳು. ತಮ್ಮನನ್ನು ಲ್ಯಾಬಿನಿಂದ ತೆಗೆದರು. ಅವನು ಬಟ್ಟೆಬರೆ ಕಟ್ಟಿಕೊಂಡು, ಅವಳೊಡನೆ ಮಾತಾಡದೆ, ಬೇರೆ ಊರಿಗೆ ಹೊರಟುಹೋದ. ಅವಳೂ ತಡೆಯಲಿಲ್ಲ. ಮನೆಯಲ್ಲಿ ಅವಳೊಬ್ಬಳೇ ಉಳಿದಳು.

ಹುಳುವಿನ ಮಾತ್ರೆ, ರಕ್ತ ಹೆಚ್ಚಿಸುವ ಮಾತ್ರೆ ಎರಡೂ ಶುರುವಾದವು. ಟಿಬಿ ಔಷಧಿ ಮುಗಿಯುವ ಹೊತ್ತಿಗೆ ತೂಕ ನಾಲ್ಕು ಕಿಲೋ ಏರಿತ್ತು.

"ಮನೇಲಿ ಎಲ್ಲರಿಗೂ ಹೇಳಿ, ಗೆದ್ದುಬಿಟ್ಟೆ ಅಂತ," ಎಂದಳು ನರ್ಸು ಖುಷಿಯಿಂದ.

"ಹೂಂ," ಎಂದು ಅವಳು ತೂಕದ ಯಂತ್ರದಿಂದ ಇಳಿದಳು.